ಮರಗಮ್ಮನ ಗಾಡಿ ಹತ್ತಿದ ದಿನ

ಪಟಕಿ ಬೇನೆಯಿಂದ ಬದುಕಿ ಉಳಿದವಳು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಯಾವ ದೇವರಿಗೆ ಹರಕೆ ಹೊತ್ತಿದ್ದಿರಿ? ಎಷ್ಟು ನರಳಿದಿರಿ ಎಂದು ಯಾರೂ ಕೇಳುವುದಿಲ್ಲ, ನಿಮ್ಮನ್ನು ದವಾಖಾನೆಗೆ ಯಾರು ಒಯ್ದರು ಎಂದೂ ಕೇಳುವುದಿಲ್ಲ. ಅವರಿಗೆ ಬೇಕಾದದ್ದು ದೇವರ ಹೆಸರು. ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದೆ. ಈ ಮಳೆಗಾಲದಿಂದ ಸುಮ್ಮನಿರಲು ಆಗುತ್ತಿಲ್ಲ.

ನಾನು ಬಸವಕಲ್ಯಾಣದಲ್ಲಿ ಹೆಣ್ಣುಮಕ್ಕಳ ವಸತಿನಿಲಯವೊಂದರಲ್ಲಿ ಅಡುಗೆ ಮಾಡುತ್ತೇನೆ. ಹೊಸ ನೀರು ಬಂದಾಗ ಅಲ್ಲಿನ ಹುಡುಗಿಯೊಬ್ಬಳಿಗೆ ವಾಂತಿಭೇದಿಯಾಯಿತು. ದವಾಖಾನೆಯಿಂದ ಅವಳು ಸೊರಗಿ ವಾಪಸು ಬಂದ ದಿನ, ಊಟದ ಹೊತ್ತಿಗೆ ಅವಳ ತಟ್ಟೆ ಒಳಗೆ ಇರಲಿಲ್ಲ. ಯಾರೋ ಅದನ್ನು ಬಾಗಿಲ ಹೊರಗೆ, ಕಸದ ಬುಟ್ಟಿಯ ಹತ್ತಿರ ಇಟ್ಟಿದ್ದರು. ನಾನು ಸೌಟು ಕೆಳಗಿಟ್ಟೆ. ತಟ್ಟೆ ಒಳಗೆ ತಂದು, ತೊಳೆದು, ಎಲ್ಲರ ನಡುವೆ ಅವಳನ್ನು ಕೂಡಿಸಿ, ಇದನ್ನೆಲ್ಲ ಹೇಳಿದೆ. ಅಂದು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಅದು ಅರವತ್ತರ ದಶಕದ ನಡುವಿನ ಮಾತು. ನನ್ನ ತವರು ಹುಮನಾಬಾದಿನಿಂದ ಎರಡು ಮೂರು ಹರದಾರಿ ದೂರದ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಆ ಊರಿನ ಜನ ಇನ್ನೂ ಇದ್ದಾರೆ, ನನ್ನ ಅಣ್ಣತಮ್ಮಂದಿರು ಅವರ ನಡುವೆಯೇ ಬಾಳಬೇಕು. ಅದಕ್ಕೆ ಹಿಂದಿನ ವರ್ಷವಷ್ಟೇ ನಮ್ಮ ಕೇರಿಯವರು ಬುದ್ಧನಿಗೆ ಶರಣು ಹೋಗಿದ್ದರು. ನನ್ನ ಅಪ್ಪ ಕಾಶಪ್ಪ ಅವರೆಲ್ಲರಿಗಿಂತ ಮುಂದೆ. ಅಲ್ಲಿಯ ತನಕ ಊರಿನ ಹೆಣಕ್ಕೂ ಹಬ್ಬಕ್ಕೂ ಹಲಗೆ ಬಾರಿಸುತ್ತಿದ್ದವನು ಅವನೇ. ಶರಣು ಹೋದ ಮರುದಿನ ಹಲಗೆಯ ಚರ್ಮ ಕಿತ್ತು ಹಾಕಿದ. ಉಳಿದ ಕಟ್ಟಿಗೆಯ ಬಳೆಗೆ ಅವ್ವ ಜಾಳಿಗೆ ಬಿಗಿಸಿ ಹಿಟ್ಟು ಸಾಣಿಸುವ ಜರಡಿ ಮಾಡಿಕೊಂಡಳು. ನಮ್ಮ ಮನೆಯಲ್ಲಿ ಧರ್ಮ ಬದಲಾದದ್ದು ಹೀಗೆ, ರೊಟ್ಟಿ ಮಾತ್ರ ಮೊದಲಿಗಿಂತ ನುಣುಪಾಯಿತು.

ನಾನು ಮದುವೆಯಾಗಿ ಬಸವಕಲ್ಯಾಣಕ್ಕೆ ಹೋಗಿದ್ದವಳು ಆ ಸಲ ಪಂಚಮಿಗೆ ತವರಿಗೆ ಬಂದಿದ್ದೆ. ಬುದ್ಧನಿಗೆ ಶರಣು ಹೋದ ಮೇಲೆ ಪಂಚಮಿ ಯಾಕೆ ಎಂದು ಅಪ್ಪ ಗೊಣಗಿದ್ದನಂತೆ. "ದೇವರು ಬದಲಾದ್ರ ಮಗಳು ಬದಲಾಗತಾಳೇನು?" ಎಂದು ಅವ್ವ ಅವನ ಬಾಯಿ ಮುಚ್ಚಿಸಿದ್ದಳು.

ನಮ್ಮ ಕಡೆ ಕಾಲರಾಕ್ಕೆ ಪಟಕಿ ಅನ್ನುತ್ತಾರೆ. ಈ ಬೇನೆ ಸಮುದ್ರದಾಚೆಯಿಂದ ದೇಶದೇಶ ದಾಟಿ ಬಂದದ್ದು ಎಂದು ರೇಡಿಯೊದವರು ಹೇಳುತ್ತಿದ್ದರು. ನಮ್ಮ ಊರಿನವರ ಪ್ರಕಾರ ಅದು ಬಂದದ್ದು ಪಕ್ಕದ ಊರಿನಿಂದ, ಗಾಡಿಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಟಕಿ ಬಂದ ಊರಿನವರು ಬಡಿಗನಿಂದ ಒಂದು ಗಿಡ್ಡ ಗಾಡಿ ಮಾಡಿಸುತ್ತಾರೆ. ಅದರಲ್ಲಿ ಬೇನೆಯ ದೇವಿ ಮರಗಮ್ಮನ ಬೇವಿನ ಕಟ್ಟಿಗೆಯ ಗೊಂಬೆ ಕೂಡಿಸಿ, ಹಸಿರು ಸೀರೆ, ಬಳೆ, ನಿಂಬೆಹಣ್ಣು, ತೆಂಗಿನಕಾಯಿ ಇಟ್ಟು, ಹಲಗೆ ಬಾರಿಸುತ್ತ ಎಳೆದುಕೊಂಡು ಹೋಗಿ ಮುಂದಿನ ಊರಿನ ಸೀಮೆಯಲ್ಲಿ ಬಿಟ್ಟು ಬರುತ್ತಾರೆ. ಬೇನೆ ತಾಯಿಯ ಜೊತೆ ಹೊರಟುಹೋಯಿತು ಎಂದು ಅವರಿಗೆ ಸಮಾಧಾನ. ಮುಂದಿನ ಊರಿನವರು ಅದನ್ನು ಅದರ ಮುಂದಿನ ಊರಿಗೆ ದಾಟಿಸಬೇಕು. ಎಳೆಯುವವರು, ಬಾರಿಸುವವರು ಎಲ್ಲ ಊರಲ್ಲೂ ನಮ್ಮವರೇ. ಬೇನೆಯನ್ನು ಮುಟ್ಟಲು ಬೇರೆ ಯಾರು ಸಿಗುತ್ತಾರೆ?

ಇನ್ನೊಂದು ಸಂಗತಿ. ಊರಿನ ಸೀಮೆ ಮುಗಿಯುವಲ್ಲೇ ನಮ್ಮ ಕೇರಿ. ಹೀಗಾಗಿ ಊರಿಗೆಂದು ಬಂದ ಗಾಡಿ ನಿಂತದ್ದು ನಮ್ಮ ಹೊಸ್ತಿಲ ಎದುರಿಗೆ. ಊರಿನ ಬಾವಿಗೆ ನಾವು ಹೋಗುವಂತಿರಲಿಲ್ಲ. ಕುಡಿಯುವುದು ಹಳ್ಳದ ನೀರು, ಮಳೆ ಬಂದರೆ ಊರಿನ ಹೊಲಸೆಲ್ಲ ಇಳಿದು ಬರುವುದು ಅದೇ ಹಳ್ಳಕ್ಕೆ. ಆದರೆ ಬೇನೆಗೆ ಕಾರಣ ನೀರಲ್ಲ, ಕಾಶಪ್ಪ ಹಲಗೆ ಬಿಟ್ಟದ್ದು ಎಂದು ಊರಿನಲ್ಲಿ ತೀರ್ಮಾನವಾಗಿತ್ತು.

ಗಾಡಿ ಬಂದು ನಿಂತ ಮರುದಿನ ಬೆಳಗ್ಗೆ ನನಗೆ ಶುರುವಾಯಿತು. ಅದನ್ನು ವರ್ಣಿಸುವುದಿಲ್ಲ, ಕಂಡವರಿಗೆ ಗೊತ್ತು, ಕಾಣದವರಿಗೆ ಬೇಡ. ಮಧ್ಯಾಹ್ನದ ಹೊತ್ತಿಗೆ ಮೀನಖಂಡಗಳು ಗಂಟು ಕಟ್ಟಿ, ಕೈಬೆರಳಿನ ಚರ್ಮ ಮುದುಕಿಯರ ಕೈಯಂತೆ ಸುಕ್ಕುಗಟ್ಟಿತು. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ನೆನಪಿರುವುದು ಬಾಯಾರಿಕೆ. ನಾಲಿಗೆ ಅಂಗುಳಕ್ಕೆ ಹತ್ತಿ ಬಿಡುತ್ತಿರಲಿಲ್ಲ. ಮೂಲೆಯಲ್ಲಿ ನೀರಿನ ಕೊಡ ಕಾಣುತ್ತಿತ್ತು. ಅವ್ವ ಒಂದು ಗುಟುಕು ಕೊಡಲಿಲ್ಲ.

"ಕೊಟ್ಟಷ್ಟು ಹೊರಗ ಹೋಗತದ ಮಗಳ. ನಾಟಿ ವೈದ್ಯರು ಬ್ಯಾಡಂದಾರ. ಬೇನಿ ಒಣಗಬೇಕಂತ," ಎಂದು ಅಳುತ್ತ ನನ್ನ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ನಾನು ಆ ಬಟ್ಟೆಯನ್ನು ಹೀರಲು ನೋಡಿದರೆ ಕಿತ್ತುಕೊಳ್ಳುತ್ತಿದ್ದಳು. ಅವಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಪ್ರೀತಿಯಿಂದಲೇ ಕೊಲ್ಲುತ್ತಿದ್ದಳು ಪಾಪ, ಅವಳಿಗೆ ಯಾರು ಬೇರೆ ಹೇಳಿಕೊಟ್ಟಿದ್ದರು?

ಹುಮನಾಬಾದಿನಲ್ಲಿ ಪಟಕಿಯವರಿಗೆಂದೇ ಒಂದು ಧರ್ಮಶಾಲೆಯಲ್ಲಿ ದವಾಖಾನೆ ತೆರೆದಿದ್ದಾರೆ ಎಂದು ಅಪ್ಪ ಕೇಳಿದ್ದ. ಮಳೆಗೆ ರಸ್ತೆ ಕೆಸರಾಗಿ ಬಸ್ಸು ನಿಂತಿತ್ತು. ಊರಿನಲ್ಲಿ ಬಂಡಿ ಇದ್ದದ್ದು ಊರಿನವರ ಹತ್ತಿರ. ಅಪ್ಪ ಹೋಗಿ ಕೇಳಿದ. ಗೌಡರು ತಾವೇ ಕೇರಿಯ ತನಕ ಬಂದರು. ಬಂದರು ಎಂದರೆ ಹಳ್ಳದ ಆಚೆ ದಂಡೆಗೆ, ಮೂಗಿಗೆ ಶಲ್ಯ ಹಿಡಿದುಕೊಂಡು. ನಾನು ಬಾಗಿಲಲ್ಲಿ ಕೌದಿಯ ಮೇಲೆ ಬಿದ್ದಿದ್ದೆ. ಎಲ್ಲ ಕೇಳುತ್ತಿತ್ತು.

"ಕಾಶ್ಯಾ, ಬಂಡಿ ಕೊಡತೀನಿ. ಮದಲ ಹಲಗಿ ಬಾರಿಸಿ ತಾಯಿ ಗಾಡಿ ಸೀಮಿ ದಾಟಸು," ಎಂದರು ಗೌಡರು.

"ಕಾಶಪ್ಪ ಅನ್ರಿ ಗೌಡ್ರ. ಹಲಗಿ ಬಿಟ್ಟೀನ್ರಿ ನಾ. ಮಗಳು ಸಾಯಾಕತ್ತಾಳ, ಬಂಡಿ ಕೊಡ್ರಿ, ಕೈ ಮುಗೀತೀನಿ."

"ನೀ ಹಲಗಿ ಬಿಟ್ಟಿ, ಅದಕ್ಕ ತಾಯಿ ನಿನ್ನ ಮಗಳನ್ನ ಹಿಡದಾಳ. ಇಷ್ಟು ತಿಳಿಯಂಗಿಲ್ಲೇನು ನಿನಗ?"

ಅವ್ವ ಒಳಗೆ ಹೋಗಿ ಜರಡಿ ಹಿಡಿದುಕೊಂಡು ಬಂದಳು. "ಹಲಗಿ ಇದ ನೋಡ್ರಿ ಗೌಡ್ರ. ಬೇಕಂದ್ರ ಹಿಟ್ಟು ಸಾಣಿಸಿ ಕೊಡತೀನಿ," ಎಂದಳು. ಅವಳು ಗೌಡರ ಎದುರು ಬಾಯಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೌಡರು ಸಂಜೆಯೊಳಗೆ ಗಾಡಿ ಅಲ್ಲಿರಬಾರದು ಎಂದು ಹೇಳಿ ಹೊರಟುಹೋದರು.

ಅಪ್ಪ ನನ್ನನ್ನು ನೋಡುತ್ತಿದ್ದ, ಗೋಡೆಯ ಮೇಲಿನ ಬುದ್ಧನ ಪಟ ನೋಡುತ್ತಿದ್ದ. ಮತ್ತೆ ಹಲಗೆ ಹಿಡಿಯುತ್ತಾನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹಿಡಿಯಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಸಾಯುವವಳಿಗೆ ತತ್ವ ಎಲ್ಲಿಂದ ಬರಬೇಕು? ಅವನು ಅಂಗಳಕ್ಕೆ ಇಳಿದು ಮರಗಮ್ಮನ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಗಾಲಿ ಅಲ್ಲಾಡಿಸಿ ನೋಡಿದ. ನೊಗ ಎತ್ತಿ ನೋಡಿದ. ನಾಲ್ಕಾರು ಊರು ದಾಟಿ ಬಂದ ಗಾಡಿ, ಗಟ್ಟಿಯಾಗಿಯೇ ಇತ್ತು.

"ಈಕಿನ್ನ ಇದರಾಗ ಮಲಗಸು," ಎಂದ ಅವ್ವನಿಗೆ.

ಅವ್ವ ಬುದ್ಧನಿಗೆ ಶರಣು ಹೋಗಿದ್ದಳು ನಿಜ, ಆದರೆ ಮರಗಮ್ಮನ ಭಯ ಹುಟ್ಟಿದಾಗಿನಿಂದ ಬಂದದ್ದು, ಒಂದು ವರ್ಷದಲ್ಲಿ ಹೋಗುವುದಲ್ಲ. ಗೊಂಬೆಯ ಎದುರು ಕೈ ಮುಗಿದು ನಿಂತಳು. ಆಮೇಲೆ, "ತಾಯಿ, ಸ್ವಲ್ಪ ಅತ್ತಾಗ ಸರಕೋ. ನನ್ನ ಮಗಳಿಗಿ ಜಾಗ ಬೇಕಾಗ್ಯಾದ," ಎಂದು ತಾನೇ ಗೊಂಬೆಯನ್ನು ಒಂದು ಮಗ್ಗಲಿಗೆ ಸರಿಸಿದಳು. ನನ್ನನ್ನು ಮೊಣಕಾಲು ಮಡಚಿ ಮಲಗಿಸಿದರು. ಜಿಟಿಜಿಟಿ ಮಳೆ ಬರುತ್ತಿತ್ತು. ಹೊದಿಸಲು ಬೇರೆ ಏನೂ ಒಣಗಿದ್ದು ಇರಲಿಲ್ಲವಾದ್ದರಿಂದ ಅವ್ವ ತಾಯಿಯ ಹಸಿರು ಸೀರೆಯನ್ನೇ ಹೊದಿಸಿದಳು.

ಅಪ್ಪ ನೊಗಕ್ಕೆ ಹೆಗಲು ಕೊಟ್ಟ, ಅವ್ವ ಹಿಂದಿನಿಂದ ದೂಡಿದಳು. ಹಳ್ಳದಾಚೆ ಗೌಡರ ಆಳು ಕಾಯುತ್ತ ನಿಂತಿದ್ದ, ಹಲಗೆ ಎಲ್ಲಿ ಎಂದು ಕೂಗಿದ. "ಸೀಮಿ ದಾಟಬೇಕಂದ್ರಲ್ಲ, ದಾಟಸ್ತೀನಿ. ಹುಮನಾಬಾದ್ ತನಕ ದಾಟಸ್ತೀನಂತ ಹೇಳು ನಿಮ್ಮ ಗೌಡ್ರಿಗಿ," ಎಂದ ಅಪ್ಪ. ಹಲಗೆಯ ಬದಲು ಅವನ ಬಾಯಲ್ಲಿದ್ದದ್ದು ಹೊಸದಾಗಿ ಕಲಿತ ಬುದ್ಧ, ಧಮ್ಮ, ಸಂಘದ ಮೂರು ಶರಣುಗಳು. ಏದುಸಿರಿನಲ್ಲಿ ಅವು ಮುರಿದು ಮುರಿದು ಬರುತ್ತಿದ್ದವು, ಕೆಸರು ಬಂದಲ್ಲಿ ನಡುವೆ ಒಂದು ಬೈಗುಳವೂ ಬರುತ್ತಿತ್ತು. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ನಂಬಿಕೆ ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ನೆನಪಾಗುವುದು ಒದ್ದೆ ಅಂಗಿಯ ಆ ಬೆನ್ನು.

ದಾರಿಯಲ್ಲಿ ಸಿಕ್ಕ ಊರಿನಲ್ಲಿ ಗಂಡಸರು ಬಡಿಗೆ ಹಿಡಿದು ನಿಂತಿದ್ದರು, ಗಾಡಿಯನ್ನು ತಮ್ಮ ಸೀಮೆಯಲ್ಲಿ ಬಿಟ್ಟು ಹೋದಾರೆಂಬ ಭಯ. "ನಿಲ್ಲಂಗಿಲ್ರಿ, ದಾಟಿ ಹೋಗ್ತೀವಿ," ಎಂದು ಅಪ್ಪ ನಡೆಯುತ್ತಲೇ ಇದ್ದ. ಬಡಿಗೆ ಎತ್ತಲು ಯಾರಿಗೂ ಧೈರ್ಯವಾಗಲಿಲ್ಲ, ಎತ್ತಿದರೆ ತಾಯಿಗೆ ತಾಗೀತು. ಹಿಂದೆ ಸರಿದು ದಾರಿ ಬಿಟ್ಟರು. ಮೈಲಿಗೆಯಾದೀತು, ದೂರ ಸರಿಯಿರಿ ಎಂದು ನಾವೇ ಕೂಗಿಕೊಂಡು ಓಡಾಡಬೇಕಿದ್ದ ಬೀದಿ ಅದು. ಮನೆಯ ಕಟ್ಟೆಗಳ ಮೇಲಿಂದ ಹೆಂಗಸರು ಅರಿಶಿನ ಕುಂಕುಮ ತೂರಿದರು. ಒಂದು ನಿಂಬೆಹಣ್ಣು ಬಂದು ನನ್ನ ಹೊಟ್ಟೆಗೆ ಬಡಿಯಿತು.

ಆ ಪೆಟ್ಟಿಗೆ ನಾನು ತಲೆ ಎತ್ತಿದೆ. ಸೀರೆ ಸರಿಯಿತು. "ನೀರು," ಎಂದೆ.

ತಾಯಿಯೇ ಮಾತಾಡಿದಳೆಂದು ಎಷ್ಟೋ ಜನ ನಿಂತಲ್ಲೇ ಕೈ ಮುಗಿದರು. ಎದುರಿನ ಮನೆಯ ಕಟ್ಟೆಯ ಮೇಲಿದ್ದ ಒಬ್ಬ ಹೆಂಗಸು ಒಳಗೆ ಹೋಗಿ ಹಿತ್ತಾಳೆ ತಂಬಿಗೆ ಹಿಡಿದು ಹೊರಬಂದಳು. ಗಂಡಸೊಬ್ಬ ಅಡ್ಡ ಬಂದ. "ತಾಯಿ ಬಾಯಿಬಿಟ್ಟು ಕೇಳ್ಯಾಳ. ಇಲ್ಲ ಅಂದ್ರ ನಾಳಿಗಿ ನಮ್ಮನಿಗಿ ಬರತಾಳ, ನೀವು ತಡೀತೀರೇನ್ರಿ?" ಎಂದಳು ಅವಳು. ಅವನು ಸರಿದ.

ಅವ್ವ ಅಂಗಲಾಚಿದಳು, "ನೀರು ಕೊಡಬ್ಯಾಡ್ರಿ ಯವ್ವಾ, ವೈದ್ಯರು ಬ್ಯಾಡಂದಾರ."

"ವೈದ್ಯರು ನಿನಗ ಹೇಳ್ಯಾರ. ತಾಯಿಗಿ ಹೇಳಿಲ್ಲ," ಎಂದು ಆ ಹೆಂಗಸು ನನ್ನ ಕುತ್ತಿಗೆಯ ಕೆಳಗೆ ಕೈ ಕೊಟ್ಟು ಎತ್ತಿದಳು. ತಂಬಿಗೆಯ ಅಂಚು ನನ್ನ ತುಟಿಗೆ ತಾಗಿತು. ನನ್ನ ತುಟಿಗೆ, ಅವರ ತಂಬಿಗೆ. ತಣ್ಣಗಿನ ಬಾವಿ ನೀರು, ಸ್ವಲ್ಪ ಸ್ವಲ್ಪವೇ, ನಿಧಾನ ನಿಧಾನ ಎನ್ನುತ್ತ ಕುಡಿಸಿದಳು. ಸ್ವಲ್ಪ ಹೊರಗೆ ಬಂತು. ಅವಳ ಸೆರಗಿನ ಮೇಲೆಯೇ ಬಂತು. ಒರೆಸಿಕೊಂಡು ಮತ್ತೆ ಕುಡಿಸಿದಳು. ಅದಾದ ಮೇಲೆ ದಾರಿಯುದ್ದಕ್ಕೂ ಅವ್ವನಿಗೂ ಧೈರ್ಯ ಬಂತು. ನಾನು ಕೇಳಿದಾಗಲೆಲ್ಲ ಯಾವುದಾದರೂ ಮನೆಯ ಎದುರು ಗಾಡಿ ನಿಲ್ಲಿಸಿ, "ತಾಯಿಗಿ ನೀರು ತರ್ರಿ," ಎನ್ನತೊಡಗಿದಳು. ಎಲ್ಲ ಕಡೆ ಸಿಕ್ಕಿತು. ಒಂದು ಕಡೆ ಉಪ್ಪು ಹಾಕಿದ ಮಜ್ಜಿಗೆಯೂ ಸಿಕ್ಕಿತು.

ಹುಮನಾಬಾದಿನ ಆ ಧರ್ಮಶಾಲೆಯಲ್ಲಿ ಬಾಗಿಲಿಗೆ ಸುಣ್ಣದ ಪುಡಿ ಹರಡಿದ್ದರು. ಒಳಗೆ ನೆಲದ ಮೇಲೆ ಚಾಪೆಗಳು, ಗೋಡೆಗೆ ಹೊಡೆದ ಮೊಳೆಗಳಿಂದ ಇಳಿಬಿದ್ದ ಗಾಜಿನ ಬಾಟಲಿಗಳು. ಡಾಕ್ಟರು ನನ್ನ ಕೈಯ ನರ ಹುಡುಕಿ ಸೂಜಿ ಚುಚ್ಚಿದರು. ಈ ಹುಡುಗಿ ಇಷ್ಟು ದೂರ ಹೇಗೆ ಉಳಿದಳು, ನೀರು ಕೊಟ್ಟಿದ್ದಿರಾ ಎಂದು ಕೇಳಿದರು. ಅವ್ವ ಹೆದರಿ ತಪ್ಪಾಯಿತು ಎಂದಳು. "ಕೊಟ್ಟದ್ದರಿಂದಲೇ ಉಳಿದಿದ್ದಾಳೆ," ಎಂದು ಡಾಕ್ಟರು ಮುಂದಿನ ಚಾಪೆಗೆ ಹೋದರು. ಅವ್ವ ಗೋಡೆಗೆ ಮುಖ ಮಾಡಿ ಕುಳಿತಳು. ನಮ್ಮ ಕೇರಿಯಲ್ಲಿ ಹಾಗೆ ನೀರಿಲ್ಲದೆ ಹೋದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು.

ಅಲ್ಲಿ ಕಾಯುವುದೇ ಒಂದು ಕೆಲಸ. ಬಾಟಲಿ ಮುಗಿಯುವುದನ್ನು ಕಾಯಬೇಕು, ಉಚ್ಚೆ ಬರುವುದನ್ನು ಕಾಯಬೇಕು. ಅದು ಬಂದರೆ ಮಂದಿ ಮಗ ಹುಟ್ಟಿದವರ ಹಾಗೆ ಒಬ್ಬರಿಗೊಬ್ಬರು ಸುದ್ದಿ ಹೇಳುತ್ತಿದ್ದರು. ನನ್ನ ಎಡಕ್ಕಿದ್ದ ಮುದುಕರು ಜಪಮಣಿ ಎಣಿಸುತ್ತ ಅಲ್ಲಾಹನನ್ನು ಕರೆಯುತ್ತಿದ್ದರು. ಬಲಕ್ಕಿದ್ದ ಹೆಂಗಸು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದ್ದಳು. ಕಾಲ ಬಳಿ ಅಪ್ಪನ ಶರಣುಗಳು. ಒಬ್ಬರ ದನಿ ನಿಂತರೆ ಇನ್ನೊಬ್ಬರದು ಕೇಳುತ್ತಿತ್ತು, ನನಗೆ ಅದು ಹಿತವಾಗಿತ್ತು. ಬಸವಕಲ್ಯಾಣದಿಂದ ನನ್ನ ಗಂಡ ಬಂದ. ಏನು ಮಾತಾಡಬೇಕೆಂದು ತಿಳಿಯದೆ ಜೇಬಿನಿಂದ ಒಂದು ಪೇರಲ ಹಣ್ಣು ತೆಗೆದು ತಲೆದಿಂಬಿನ ಹತ್ತಿರ ಇಟ್ಟ. ತಿನ್ನುವಂತಿರಲಿಲ್ಲ. ಅದರ ವಾಸನೆ ಸುಣ್ಣದ ಘಾಟನ್ನು ಸ್ವಲ್ಪ ಮರೆಸಿತು.

ಅಲ್ಲೂ ಸಿಟ್ಟು ಬರುವ ಮಾತು ನಡೆಯದೇ ಇರಲಿಲ್ಲ. ಕುದಿಸಿ ಆರಿಸಿದ ನೀರು ಒಂದೇ ಡ್ರಮ್ಮಿನಲ್ಲಿತ್ತು. ಒಬ್ಬ ಅಂಗಡಿಕಾರರ ಮನೆಯವರು ತಮ್ಮವರಿಗೆ ಬೇರೆ ಡ್ರಮ್ಮು ಬೇಕೆಂದು ನರ್ಸಬಾಯಿಯ ಹತ್ತಿರ ತಕರಾರು ತೆಗೆದರು. "ಬ್ಯಾರೆ ಡ್ರಮ್ಮು ಬೇಕಂದ್ರ ಬ್ಯಾರೆ ದವಾಖಾನಿ ನೋಡ್ರಿ," ಎಂದು ನರ್ಸಬಾಯಿ ಬಕೆಟ್ ಎತ್ತಿಕೊಂಡು ಹೋದಳು. ಮರಗಮ್ಮನ ಗಾಡಿ ಅವಳ ಕಣ್ಣಿಗೆ ಬಿದ್ದಿತ್ತು. ಗೊಂಬೆಯನ್ನು ಬೇವಿನ ಗಿಡದ ಬುಡದಲ್ಲಿ ಕೂಡಿಸಿ, ತೆಂಗಿನಕಾಯಿಗಳನ್ನು ಕಾದು ಕುಳಿತ ಮಂದಿಗೆ ಹಂಚಿ, ಆ ನೀರಿನ ಡ್ರಮ್ಮನ್ನೇ ಗಾಡಿಯ ಮೇಲೆ ಏರಿಸಿದಳು. ನಾನು ಎದ್ದು ಕುಳಿತ ದಿನ ಕಿಟಕಿಯಿಂದ ನೋಡುತ್ತೇನೆ, ನಾನು ಬಂದ ಗಾಡಿಯಲ್ಲಿ ಎಲ್ಲರ ಕುಡಿಯುವ ನೀರು ಬರುತ್ತಿದೆ. ಬೇನೆ ಬಂದಂದಿನಿಂದ ಮೊದಲ ಸಲ ನಕ್ಕೆ.

ನಮ್ಮ ಊರಿನಲ್ಲಿ ಅಷ್ಟರೊಳಗೆ ಪಟಕಿ ತಣ್ಣಗಾಗಿತ್ತು. ಕಾಶ್ಯಾ ಕಡೆಗೂ ಮಾತು ಕೇಳಿದ, ಗಾಡಿ ದಾಟಿಸಿದ, ತಾಯಿ ಒಲಿದಳು ಎಂದು ಗೌಡರು ಹೇಳುತ್ತಿದ್ದಾರೆಂದು ಸುದ್ದಿ ಬಂತು. ಸತ್ತರೆ ನಮ್ಮ ಪಾಪ, ಉಳಿದರೆ ಅವರ ಪುಣ್ಯ. ಅಪ್ಪ ಕೇಳಿ ಉಗುಳಿದ, ಅಷ್ಟೇ.

ಮನೆಗೆ ಮರಳುವಾಗ ಬಸ್ಸು ಕೆಸರಿಗೆ ಹೆದರಿ ನಡುದಾರಿಯಲ್ಲೇ ನಿಂತಿತು. ನಡೆಯುತ್ತ, ನನಗೆ ಮೊದಲು ನೀರು ಕುಡಿಸಿದ ಊರಿನೊಳಗೆ ಬಂದೆವು. ಆ ಮನೆಗೆ ಹೋಗುತ್ತೇನೆ ಎಂದೆ.

"ಬ್ಯಾಡ ಮಗಳ," ಎಂದ ಅಪ್ಪ. "ದೇವಿ ಅಂತ ಕೊಟ್ಟಾಳ. ಅದು ಹಾಂಗೇ ಇರಲಿ."

ನನಗೆ ಹಾಗೇ ಇರಬಾರದಿತ್ತು. ಅಂಗಳದಲ್ಲಿ ನಿಂತು, "ಅಕ್ಕಾ, ನೀರು ಕೊಡ್ರಿ," ಎಂದೆ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ, ಅಂದು ನೀರು ಕುಡಿಸಿದವಳ ಅತ್ತೆ, ಯಾರ ಪೈಕಿ ಎಂದು ಕೇಳಿದಳು. ಹೇಳಿದೆ. "ನೀಲಮ್ಮ, ಮ್ಯಾಲಿಂದ ಹಾಕು. ಬೊಗಸಿ ಹಿಡಿ ಅನ್ನು," ಎಂದಳು ಮುದುಕಿ ಒಳಗೆ ಕತ್ತು ತಿರುಗಿಸಿ.

ನೀಲಮ್ಮ ಅದೇ ಹಿತ್ತಾಳೆ ತಂಬಿಗೆ ಹಿಡಿದು ಬಂದಳು. ನನ್ನ ಮುಖ ನೋಡಿದಳು. "ಅವತ್ತ ಗಾಡ್ಯಾಗ ಇದ್ದಾಕಿ," ಎಂದಳು ಮೆಲ್ಲಗೆ.

"ಹೌದ್ರಿ. ನಾ ದೇವಿ ಅಲ್ಲರಿ."

"ನನಗ ಅವತ್ತ ಗೊತ್ತಿತ್ತು. ದೇವಿ ತುಟಿ ಹಾಂಗ ಒಡದಿರತಾವೇನು? ದೇವಿ ಅನಲಿಲ್ಲಂದ್ರ ನಮ್ಮ ಗಂಡಸರು ನನಗ ಕಟ್ಟಿ ಇಳ್ಯಾಕ ಬಿಡತಿದ್ದಿಲ್ಲ."

ನಾನು ಅವಳ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ಸಿಟ್ಟು ಬಂತು, ಅವಳ ಮೇಲಲ್ಲ, ಆದರೆ ಎದುರಿಗಿದ್ದವಳು ಅವಳೇ. "ಹಂಗಾದ್ರ ಇವತ್ತ ಏನಂತ ಕೊಡತೀರಿ ಅಕ್ಕಾ?" ಎಂದೆ. ಬೊಗಸೆ ಹಿಡಿಯಲಿಲ್ಲ. ಕೈ ಕೆಳಗೇ ಇದ್ದವು.

ನೀಲಮ್ಮ ಅತ್ತೆಯನ್ನು ನೋಡಿದಳು, ತಂಬಿಗೆಯನ್ನು ನೋಡಿದಳು. ಆಮೇಲೆ ಕಟ್ಟೆಯ ಮೆಟ್ಟಿಲು ಇಳಿದು ಬಂದು ತಂಬಿಗೆಯನ್ನು ನನ್ನ ಕೈಯಲ್ಲಿ ಇಟ್ಟಳು.

"ಆ ತಂಬಿಗಿ ಇನ್ನ ಒಳಗ ತರಬ್ಯಾಡ," ಎಂದಳು ಮುದುಕಿ.

"ತರಂಗಿಲ್ರಿ ಅತ್ತಿ. ನನ್ನ ತವರಿಂದು ಅದ. ಕಟ್ಟಿ ಮ್ಯಾಲ ಇಡತೀನಿ, ಬಂದವರಿಗಿ ಆಗತದ," ಎಂದಳು ನೀಲಮ್ಮ, ತಿರುಗಿ ನೋಡದೆ.

ನಾನು ಅಂಚಿಗೆ ತುಟಿ ಹಚ್ಚಿ ಕುಡಿದೆ. ಅಪ್ಪನೂ ಕುಡಿದ. ಕುಡಿದು ತಂಬಿಗೆಯನ್ನು ತಾನೇ ಕಟ್ಟೆಯ ಮೇಲೆ ಇಟ್ಟ.

ವಸತಿನಿಲಯದ ಆ ಹುಡುಗಿ ಈಗ ಚೆನ್ನಾಗಿದ್ದಾಳೆ. ತಟ್ಟೆ ಹೊರಗಿಟ್ಟವಳು ಯಾರೆಂದು ನಾನು ಕೇಳಲಿಲ್ಲ, ಮರುದಿನ ಅವಳ ಪಕ್ಕದಲ್ಲಿ ಕುಳಿತು ಉಂಡವಳನ್ನು ನೋಡಿದರೆ ಸಾಕಿತ್ತು. ಇನ್ನು ಯಾವ ದೇವರ ಹರಕೆಯಿಂದ ಉಳಿದಿರಿ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ನನಗೆ ಬೇಕಾಗಿದ್ದದ್ದು ನೀರು. ದೇವಿ ಬೇಕಾಗಿದ್ದಳು ನಿಮಗೆ, ಅದನ್ನು ಕೊಡಲಿಕ್ಕೆ.